ಊರ ಹೊರಗೆ ದೊಡ್ಡ ಹಾರ್ಡ್‌ವೇರ್ ಮಳಿಗೆ ಬರುತ್ತಿದೆ: ನಾವು ಸಾಲ ಮಾಡಿ ಅಂಗಡಿ ಬೆಳೆಸಬೇಕೆ?

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನಿಂದ)

ಮಾನ್ಯರೇ, ನಮ್ಮ ತಂದೆಯವರು ಮೂವತ್ತು ವರ್ಷಗಳಿಂದ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದಾರೆ. ಈಗ ಶಿವಮೊಗ್ಗ ರಸ್ತೆಯಲ್ಲಿ ದಿನಸಿ, ಬಟ್ಟೆಗಳ ರಿಯಾಯಿತಿ ಮಳಿಗೆಯೊಂದು, ಅದರ ಪಕ್ಕದಲ್ಲೇ ಟೈಲ್ಸ್, ಪೇಂಟು, ಪೈಪು, ನಲ್ಲಿಗಳ ದೊಡ್ಡ ಮಳಿಗೆಯೊಂದು ತೆರೆಯಲಿವೆ. ವಿತರಕರು ನಮಗೆ ಕೊಡುವ ದರಕ್ಕೇ ಅವರು ಗಿರಾಕಿಗಳಿಗೆ ಮಾರಬಲ್ಲರೆಂಬ ಆತಂಕ ನನ್ನದು. ಬ್ಯಾಂಕಿನಲ್ಲಿ ಸಾಲ ಪಡೆದು ನಾವೂ ಟೈಲ್ಸ್, ಪೇಂಟಿನ ದಾಸ್ತಾನು ಹೆಚ್ಚಿಸೋಣವೆಂದರೆ ತಂದೆಯವರು ಒಪ್ಪುತ್ತಿಲ್ಲ. ಸಣ್ಣ ಊರುಗಳಲ್ಲಿ ಇಂಥ ಮಳಿಗೆಗಳಿಗೆ ಸರ್ಕಾರ ಅನುಮತಿ ನೀಡುವುದಿಲ್ಲವೆಂದೂ ಕೆಲವರು ಹೇಳುತ್ತಾರೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಅಡಿಕೆ ಬೆಳೆಗಾರ, ಸಾಗರ)

ನಿಮ್ಮ ತಂದೆಯವರ ಮಾತು ಸರಿಯೆಂದು ನನಗೆ ತೋರುತ್ತದೆ. ಮಳೆಗಾಲದಲ್ಲಿ ಎರಡು ದಿನ ಹೊಳವಾದರೆ ಸಾಕು, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣವೆಂಬ ಔಷಧಿ ಹೊಡೆಯಲು ಕೊನೆಗೌಡರು (ಅಡಿಕೆ ಮರ ಹತ್ತುವ ಕೆಲಸಗಾರರು) ಬೆಳಗ್ಗೆಯೇ ಬಂದು ನಿಲ್ಲುತ್ತಾರೆ. ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇಕು. ಅದು ಮನೆಯಲ್ಲಿದ್ದರೂ ಪಂಪಿನ ಒಂದು ವಾಷರ್ ಹರಿದರೆ ಆ ದಿನದ ಕೆಲಸವೇ ನಿಲ್ಲುತ್ತದೆ. ಆಗ ನಾವು ಹೋಗುವುದು ಹಳೆಯ ಪಂಪಿನ ಗುರುತು ಹೇಳಿದ ಕೂಡಲೇ ಡಬ್ಬಿಯಿಂದ ಅದೇ ಅಳತೆಯ ವಾಷರ್ ತೆಗೆದುಕೊಡುವ ಅಂಗಡಿಗೆ. ಹಣವನ್ನು ಅಡಿಕೆ ಮಂಡಿಯಿಂದ ಬಂದ ಮೇಲೆ ಕೊಡುತ್ತೇವೆ. ಈ ನಂಬಿಕೆಯ ಉದ್ರಿಯನ್ನು ಕೌಂಟರಿನಲ್ಲಿ ಬಿಲ್ ಹೊಡೆಯುವ ಮಳಿಗೆ ಕೊಡಲಾರದು. ಟೈಲ್ಸ್‌ನಲ್ಲಿ ಅವರೊಂದಿಗೆ ಪೈಪೋಟಿಗೆ ಇಳಿಯಬೇಡಿ. ಫುಟ್‌ವಾಲ್ವ್, ನಾಜಲ್, ಪೈಪಿನ ಜೋಡಣೆ ಸಾಮಾನುಗಳು ನಿಮ್ಮಲ್ಲಿ ಎಂದೂ ಮುಗಿಯದಂತೆ ನೋಡಿಕೊಳ್ಳಿ.

ಉತ್ತರ 2 (ಗೃಹಿಣಿ, ಹೊಸನಗರ)

ಗಿರಾಕಿಯ ಕಷ್ಟವನ್ನೂ ಕೇಳಿ. ಮನೆ ಕಟ್ಟಿಸುವಾಗ ನಾನು ಪೇಟೆಯ ಒಂದು ಅಂಗಡಿಯಿಂದ ತಂದ ನಲ್ಲಿ ವಾರದಲ್ಲೇ ಸೋರತೊಡಗಿತು. ಬಿಲ್ ಕೊಟ್ಟಿರಲಿಲ್ಲವಾದ್ದರಿಂದ ಬದಲಿಸಿ ಕೊಡಲೂ ಇಲ್ಲ. ಹೆಂಗಸರು ದರ ಕೇಳಿದರೆ ಉತ್ತರ ಮೇಸ್ತ್ರಿಗೆ ಸಿಗುತ್ತಿತ್ತು. ದರದ ಚೀಟಿ ಅಂಟಿಸಿದ, ಮುಟ್ಟಿ ನೋಡಲು ಬಿಡುವ ಮಳಿಗೆ ಬಂದರೆ ನಾನು ಅಲ್ಲಿಗೇ ಹೋಗುತ್ತೇನೆ. ನಿಮ್ಮ ಅಂಗಡಿಯಲ್ಲಿ ಇವೆರಡೂ ಇದ್ದರೆ ದೂರ ಹೋಗುವ ಅಗತ್ಯ ನನಗಿರದು.

ಉತ್ತರ 3 (ತೆರಿಗೆ ಸಲಹೆಗಾರ, ಶಿವಮೊಗ್ಗ)

ಅನುಮತಿಯ ವಿಷಯದಲ್ಲಿ ತಪ್ಪು ತಿಳಿವಳಿಕೆಯಿದೆ. ಕೇಂದ್ರ ಸರ್ಕಾರದ 2012ರ ನೀತಿ ಬಹುಬ್ರಾಂಡ್ (ಹಲವು ಕಂಪನಿಗಳ ಸರಕು ಮಾರುವ) ಚಿಲ್ಲರೆ ವ್ಯಾಪಾರದಲ್ಲಿ ಶೇಕಡ 51ರವರೆಗಿನ ವಿದೇಶಿ ಬಂಡವಾಳಕ್ಕೆ ಸಂಬಂಧಿಸಿದ್ದು, ಊರಿನ ಜನಸಂಖ್ಯೆಯ ಷರತ್ತು ಇರುವುದು ಅದರಲ್ಲಿಯೇ. ಭಾರತೀಯ ಒಡೆತನದ ಮಳಿಗೆಗಳಿಗೆ ಆ ಷರತ್ತು ತಡೆಯಾಗದು.

ನೀವು ಯೋಚಿಸಬೇಕಾದ್ದು ಜಿಎಸ್‌ಟಿಯ ಬಗ್ಗೆ. ವಾರ್ಷಿಕ ವಹಿವಾಟು 1.5 ಕೋಟಿ ರೂಪಾಯಿಯೊಳಗಿದ್ದು ನೀವು ಸಣ್ಣ ವ್ಯಾಪಾರಿಗಳಿಗಿರುವ ಕಾಂಪೋಸಿಷನ್ ಯೋಜನೆಯಲ್ಲಿದ್ದರೆ, ವಹಿವಾಟಿನ ಶೇಕಡ 1ರಷ್ಟು ತೆರಿಗೆ ಕಟ್ಟಿ ಲೆಕ್ಕ ಹಗುರ ಮಾಡಿಕೊಂಡಿರುತ್ತೀರಿ. ಆದರೆ ತೆರಿಗೆಯನ್ನು ಪ್ರತ್ಯೇಕವಾಗಿ ತೋರಿಸುವ ತೆರಿಗೆ ಬಿಲ್ ಕೊಡಲಾರಿರಿ. ಕಾಮಗಾರಿ ಮಾಡುವ ಗುತ್ತಿಗೆದಾರರು ಸಿಮೆಂಟಿಗೆ ತೆತ್ತ ಶೇಕಡ 18ರ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಲು ಬಯಸುವುದರಿಂದ, ಅಂಥ ಬಿಲ್ ಸಿಗುವ ಕಡೆಗೇ ಹೋಗುತ್ತಾರೆ. ನಿಮ್ಮ ಮಾರಾಟದಲ್ಲಿ ಅವರ ಪಾಲು ಎಷ್ಟೆಂದು ಮೊದಲು ಲೆಕ್ಕ ಹಾಕಿ; ಸಾಲದ ಮಾತು ಆಮೇಲೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ತಂದೆಯವರೊಂದಿಗೆ ಕುಳಿತು ಉದ್ರಿ ಪುಸ್ತಕ ನೋಡಿದೆ. ಗುತ್ತಿಗೆದಾರರು ನಾನೆಣಿಸಿದ್ದಕ್ಕಿಂತ ಕಡಿಮೆ, ತೋಟದವರೇ ಹೆಚ್ಚು. ಸದ್ಯಕ್ಕೆ ಸಾಲದ ಅರ್ಜಿ ಹಾಕುವುದಿಲ್ಲ. ಪ್ರತಿ ಸಾಮಾನಿಗೂ ದರದ ಚೀಟಿ ಅಂಟಿಸುವ ಕೆಲಸವನ್ನು ನಲ್ಲಿಗಳಿಂದಲೇ ಆರಂಭಿಸಿದ್ದೇನೆ.