ಬಳ್ಳಾರಿಗೆ ದಿನಾ ಅಪ್ ಅಂಡ್ ಡೌನ್: ಬುತ್ತಿ ಕಟ್ಟಲೋ, ಕ್ಯಾಂಟೀನ್ ನಂಬಲೋ?

ಕೇಳಿದವಳು, ತೆಕ್ಕಲಕೋಟೆ ಹತ್ತಿರದ ಊರು:

ಅಕ್ಕಂದಿರೇ, ಅಣ್ಣಂದಿರೇ, ಬಳ್ಳಾರಿಯಲ್ಲಿ ಬಿಕಾಂ ಸೀಟು ಸಿಕ್ಕಿದೆ. ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಬಂದಿಲ್ಲ. ರೂಮು ಮಾಡಿಕೊಡೋಕೆ ಅಪ್ಪ ಒಪ್ತಿಲ್ಲ, ದಿನಾ ಹೋಗಿ ಬಾ ಅಂತಾರೆ. ಏಳಕ್ಕೆ ಮನೆ ಬಿಟ್ಟರೆ ತಿರುಗಿ ಬರೋದು ಸಂಜೆ ಆರೂವರೆ. ಅವ್ವ ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದು ಕೊಡ್ತೀನಿ ಅಂತಾಳೆ, ಆಮೇಲೆ ಅವಳು ಕೂಲಿಗೂ ಹೋಗಬೇಕು. ಕ್ಯಾಂಟೀನಲ್ಲೇ ತಿಂದರೆ ಆಗಲ್ವಾ? ಕ್ಲಾಸಿಲ್ಲದ ಹೊತ್ತು ನೀವೆಲ್ಲ ಎಲ್ಲಿ ಕೂರ್ತಿದ್ರಿ? ಓಡಾಡಿ ಓದಿದವರು ಹೇಳಿ.

ಸಿರುಗುಪ್ಪದಿಂದ ಮೂರು ವರ್ಷ ಓಡಾಡಿದವಳು:

ತಂಗಿ, ನಿನ್ನದೇ ರಸ್ತೆ ನಂದು. 2023ರಲ್ಲಿ ಮುಗಿಸಿದೆ. ಶಕ್ತಿ ಯೋಜನೆ ಶುರುವಾಗಿದ್ದು ಆ ವರ್ಷ ಜೂನ್ 11ಕ್ಕೆ, ನನಗೆ ಪುಕ್ಕಟೆ ಸಿಕ್ಕಿದ್ದು ಪರೀಕ್ಷೆಗೆ ಹೋಗಿ ಬಂದ ನಾಲ್ಕು ದಿನ ಅಷ್ಟೇ. ನಿನಗೆ ಬಸ್ಸಿನ ಖರ್ಚಿಲ್ಲ. ಆಧಾರ್ ಬ್ಯಾಗಲ್ಲಿರಲಿ, ಶೂನ್ಯ ಟಿಕೆಟ್ ಕೇಳಿ ಇಸ್ಕೋ. ಗದ್ದಲದಲ್ಲಿ ಕಂಡಕ್ಟರ್ ಮರೆತರೂ ನೀನು ಮರೀಬೇಡ, ಚೆಕಿಂಗ್‌ನವರು ಹತ್ತಿದಾಗ ಟಿಕೆಟ್ ಇಲ್ಲದೆ ನಿಂತ ಹುಡುಗಿ ಮುಖ ನೋಡಿದೀನಿ.

ಕ್ಯಾಂಟೀನ್ ಕಥೆ ಹೇಳ್ತೀನಿ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ, ಇಲ್ಲಾಂದ್ರೆ ಇಡ್ಲಿ. ಮಧ್ಯಾಹ್ನ ಚಿತ್ರಾನ್ನ, ಟೊಮೆಟೊ ಬಾತ್. ಮೊದಲನೇ ಸೆಮಿಸ್ಟರ್ ಪೂರ್ತಿ ನಾನು ಅದರಲ್ಲೇ ಬದುಕಿದೆ. ರುಚಿ ಇತ್ತು, ಸುಳ್ಳು ಹೇಳಲ್ಲ, ಬಿಸಿ ಮಿರ್ಚಿಗೆ ಸೋಲದವರು ನಮ್ಮ ಜಿಲ್ಲೆಯಲ್ಲಿ ಹುಟ್ಟಿಲ್ಲ. ಆದರೆ ದಿನಾ ಅದೇ ಎಣ್ಣೆ, ಅದೇ ಖಾರ. ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಬಸ್ಸಲ್ಲಿ ಕೂತರೆ ಎದೆಯುರಿ, ಹುಳಿತೇಗು. ಇನ್ನೊಂದು, ಊಟಕ್ಕೆ ಮುಂಚಿನ ನಮ್ಮ ಕೊನೇ ಕ್ಲಾಸು ಬಿಡ್ತಿದ್ದದ್ದು ಒಂದೂವರೆಗೆ. ಅಷ್ಟೊತ್ತಿಗೆ ಚಿತ್ರಾನ್ನದ ಪಾತ್ರೆ ತಳ ಕಾಣ್ತಿತ್ತು, ಬೋಂಡಾ ಮಾತ್ರ ಉಳೀತಿತ್ತು. ಹಾಸ್ಟೆಲ್ ಹುಡುಗಿಯರು ರೂಮಿಗೆ ಹೋಗಿ ಉಣ್ಣೋರು, ಊರಿನವರು ಮನೆಗೆ ಹೋಗೋರು. ಬೋಂಡಾ ತಿಂದು ಸಂಜೆ ತನಕ ಇರ್ತಿದ್ದೋರು ನಮ್ಮಂಥ ಬಸ್ಸಿನೋರೇ.

ಅದಕ್ಕೇ ಬುತ್ತಿ ಕಟ್ಕೋ. ಹಂಗಂತ ಅವ್ವನ್ನ ದಿನಾ ನಾಲ್ಕೂವರೆಗೆ ಎಬ್ಬಿಸಬೇಡ. ನಮ್ಮವ್ವ ಭಾನುವಾರ ಒಂದೇ ಸಲ ಖಡಕ್ ರೊಟ್ಟಿ ಮಾಡಿ ಬುಟ್ಟಿ ತುಂಬಿಸಿಡೋಳು, ವಾರ ಪೂರ್ತಿ ಬರೋವು. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ. ಪಲ್ಯ ರಾತ್ರಿದೇ ಆದರೂ ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ ತಡೀತವೆ, ಹುಳಿ ಎಣ್ಣೆ ಇರೋದಕ್ಕೆ. ಕೊಬ್ಬರಿ ಹಾಕಿದ ಹಸಿ ಚಟ್ನಿ ಮಧ್ಯಾಹ್ನಕ್ಕೆ ವಾಸನೆ ಬರುತ್ತೆ. ಸಾರು ಬೇಡವೇ ಬೇಡ. ಒಂದು ಸಲ ಬಸ್ಸು ಗುಂಡಿಗೆ ಬಿದ್ದು ನನ್ನ ಅಕೌಂಟೆನ್ಸಿ ನೋಟ್ಸ್ ಬೇಳೆಸಾರಲ್ಲಿ ಮುಳುಗಿತ್ತು, ಬ್ಯಾಲೆನ್ಸ್ ಶೀಟ್ ಹಾಳೆ ಅರಿಶಿನ ಬಣ್ಣದ್ದೇ ಕೊನೇತನಕ.

ಬೇಸಿಗೆಗೆ ಮೊಸರನ್ನ. ಅನ್ನಕ್ಕೆ ಮೊಸರು ಕಲಸಿ ತಂದರೆ ಒಂದು ಗಂಟೆಗೆ ಹುಳಿ ಹೊಡೆದಿರುತ್ತೆ. ಹಾಲು ಹಾಕಿ, ಹೆಪ್ಪಿಗೆ ಚೂರು ಮೊಸರು ಬಿಟ್ಟು ತಂದರೆ ಉಣ್ಣೋ ಹೊತ್ತಿಗೆ ಸರಿಯಾಗಿ ಮೊಸರಾಗಿರುತ್ತೆ.

ಮೊದಲ ವಾರ ನಾವು ಏಳೆಂಟು ಹುಡುಗಿಯರು ಒಂದೇ ಖಾಲಿ ಕ್ಲಾಸ್‌ರೂಮಲ್ಲಿ ಕೂತರೂ ಯಾರ ಡಬ್ಬಿಗೆ ಯಾರೂ ಕೈ ಹಾಕ್ತಿರಲಿಲ್ಲ. ಯಾಕೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕುರುಗೋಡಿನ ಹುಡುಗಿಯೊಬ್ಬಳು ಒಂದಿನ ಬುತ್ತಿ ತರೋದು ಮರೆತು ಬಂದಳು, ಸುಮ್ಮನೆ ಪುಸ್ತಕ ತೆಗೆದು ಕೂತಳು. ಅವತ್ತು ಒಬ್ಬಳು ತನ್ನ ರೊಟ್ಟಿ ಮುರಿದು ಅವಳ ನೋಟ್‌ಬುಕ್ ಮೇಲೆ ಇಟ್ಟಳು. ಹಾಳೆಗೆ ಎಣ್ಣೆ ಹತ್ತಿತು ಅಂತ ಇಬ್ಬರೂ ಜಗಳ ಆಡಿದರು, ನಕ್ಕರು. ಆಮೇಲೆ ಡಬ್ಬಿಗಳೆಲ್ಲ ನಡುವಿಗೆ ಬಂದವು. ಎಲ್ಲರೂ ಅಲ್ಲ, ಒಬ್ಬಳು ಮೂರು ವರ್ಷವೂ ಬೇರೆ ಬೆಂಚಲ್ಲೇ ಉಂಡಳು. ಇರಲಿ.

ಇದನ್ನ ಅಣ್ಣಂದಿರು ಯಾರೂ ಹೇಳಲ್ಲ, ನಾನೇ ಹೇಳ್ತೀನಿ. ನೀರು ಕುಡೀ. ಕಾಲೇಜಿನ ಟಾಯ್ಲೆಟ್ ಚೆನ್ನಾಗಿಲ್ಲ, ಬಸ್‌ಸ್ಟ್ಯಾಂಡ್‌ನಲ್ಲಿ ಹೋಗೋಕೆ ನಾಚಿಕೆ ಅಂತ ನಾವೆಲ್ಲ ಮನೆಯಿಂದ ಒಂದು ಲೋಟ ಕುಡಿದು ಬಂದರೆ ಸಂಜೆ ಮನೆ ಮುಟ್ಟೋ ತನಕ ಗುಟುಕೂ ಮುಟ್ಟುತ್ತಿರಲಿಲ್ಲ. ನಲವತ್ತು ಡಿಗ್ರಿ ಬಿಸಿಲಲ್ಲಿ. ಎರಡನೇ ವರ್ಷ ನನಗೆ ಮೂತ್ರದ ಸೋಂಕಾಗಿ ಇಂಟರ್ನಲ್ಸ್ ಬರೆಯೋಕೆ ಆಗಲಿಲ್ಲ. ಡಾಕ್ಟರಮ್ಮ ಬೈದ ಮೇಲೆ ನಾವು ಐದು ಜನ ಸೇರಿ ಪ್ರಿನ್ಸಿಪಾಲರಿಗೆ ಬರೆದುಕೊಟ್ಟೆವು. ಹೊಸದು ಕಟ್ಟಲಿಲ್ಲ, ಆದರೆ ಸ್ಟಾಫಿನವರ ಟಾಯ್ಲೆಟ್ ಬೀಗದ ಕೈ ಲೇಡೀಸ್ ರೂಮಲ್ಲಿ ಇಡೋಕೆ ಒಪ್ಪಿದರು. ಸೇರಿದ ವಾರದಲ್ಲೇ ಕೇಳು.

ರಾಯಚೂರು, ಮಾನ್ವಿ ಕಡೆಯವನು:

ಬುತ್ತಿ ವಿಷಯ ಅಕ್ಕ ಹೇಳಿದ್ದಾರೆ. ನಾನು ಡಬ್ಬಿ ಹಿಡಿಯೋಕೆ ನಾಚಿಕೆಪಟ್ಟವನು, ಅದಕ್ಕೆ ಇಂದಿರಾ ಕ್ಯಾಂಟೀನೇ ನನ್ನ ಅಡುಗೆಮನೆ. ತಿಂಡಿ 5 ರೂಪಾಯಿ, ಊಟ 10. ಹೊಟ್ಟೆ ಪೂರ್ತಿ ತುಂಬುತ್ತೆ ಅನ್ನೋಲ್ಲ, ಹಸಿವು ಸುಮ್ಮನಾಗುತ್ತೆ. ಸಾಲಿನಲ್ಲಿ ಹಮಾಲಿ ಕಾಕಾಗಳು, ಆಸ್ಪತ್ರೆಗೆ ಬಂದವರು, ನಾವು. ಕಾಲೇಜಿನಿಂದ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಮಾತ್ರ ಲೆಕ್ಕ ಕೂಡುತ್ತೆ, ಆಟೋ ಹತ್ತಿದರೆ ಉಳಿಸಿದ್ದೆಲ್ಲ ಅದಕ್ಕೇ ಹೋಯ್ತು.

ಬಸ್ಸಿನ ಬಗ್ಗೆ ಒಂದು. ಕೊನೇ ಬಸ್ಸನ್ನ ನಿನ್ನ ಬಸ್ಸು ಅಂದ್ಕೋಬೇಡ, ಅದಕ್ಕಿಂತ ಹಿಂದಿನದೇ ನಿಂದು. ನಾನು ಎರಡು ಸಲ ಕೊನೇದನ್ನ ತಪ್ಪಿಸ್ಕೊಂಡು ಗೆಳೆಯನ ರೂಮಲ್ಲಿ ಮಲಗಿದೆ. ಹುಡುಗ, ನಡೀತು. ನಿನಗೆ ಮನೇಲಿ ಎರಡನೇ ಸಲಕ್ಕೆ ಕಾಲೇಜೇ ಬಿಡಿಸಿಬಿಡ್ತಾರೆ. ಸರಿ ಅಂತ ಹೇಳ್ತಿಲ್ಲ, ನನ್ನ ತಂಗಿಗೆ ಹಂಗೇ ಆಯ್ತು.

ಕೊಪ್ಪಳ ಜಿಲ್ಲೆ, ಗಿಣಿಗೇರಿ:

ನಮ್ಮದು ರೈಲಿನ ಕಥಿ. ನಿಮ್ಮ ಸಿರುಗುಪ್ಪ ಕಡಿ ರೈಲಿಲ್ಲ ಅಂತ ಗೊತ್ತೈತಿ, ಆದ್ರ ಹೊಸಪೇಟಿ, ತೋರಣಗಲ್ಲು ಕಡಿಂದ ಬಳ್ಳಾರಿಗೆ ಬರೋ ಹುಡುಗ್ಯಾರು ಇದನ್ನ ಓದ್ತಿದ್ರ ಅಂತ ಬರೀತೀನಿ. ರೈಲಿನ ತಿಂಗಳ ಪಾಸು, ಎಂಎಸ್‌ಟಿ ಅಂತಾರಲ್ಲ, ಹುಡುಗ್ಯಾರಿಗೆ ಡಿಗ್ರಿ ತನಕ ಮನಿಯಿಂದ ಕಾಲೇಜಿಗೆ ಪುಕ್ಕಟೆ. ಹುಡುಗ್ರಿಗೆ ಹನ್ನೆರಡನೇತ್ತ ತನಕ. ಕಾಲೇಜಿನ್ಯಾಗ ಸಹಿ-ಸಿಕ್ಕಾ ಹಾಕಿಸಿದ ಪತ್ರ ಬೇಕು. ನಾ ಎರಡು ವರ್ಷ ರೊಕ್ಕ ಕೊಟ್ಟು ಓಡಾಡಿದ ಮ್ಯಾಲೆ ಇದು ತಿಳೀತು, ಯಾರೂ ಹೇಳಿದ್ದಿಲ್ಲ.

ಊಟಕ್ಕ ನಾ ಭಾಗ್ಯವಂತಿ. ಕೈಯಾಗ ರೊಕ್ಕ ಇಲ್ಲದ ದಿನ ಗೆಳತ್ಯಾರೆಲ್ಲ ಕೂಡಿ ಕೊಪ್ಪಳದ ಗವಿಮಠಕ್ಕ ಹೋಗಿ ಪ್ರಸಾದ ಮಾಡಿ ಬರ್ತಿದ್ವಿ. ಜನವರಿ ಜಾತ್ರ್ಯಾಗಂತೂ ಕ್ಲಾಸು ಯಾರಿಗೆ ಬೇಕು? ಹಳ್ಳಿ ಹಳ್ಳಿಯಿಂದ ಚಕ್ಕಡಿ, ಟ್ರ್ಯಾಕ್ಟರ್‌ನ್ಯಾಗ ರೊಟ್ಟಿ ಬರ್ತಾವು, ನಮ್ಮವ್ವ ಬಡಿದ ರೊಟ್ಟಿ ಅದರಾಗ ಎಲ್ಲೋ ಇರ್ತೈತಿ ಅಂತ ಹುಡುಕ್ತಿದ್ವಿ.

ಬಳ್ಳಾರಿಯಲ್ಲಿ ಹಾಸ್ಟೆಲ್‌ನಲ್ಲಿ ಇದ್ದವಳು:

ಪಟ್ಟಿಯಲ್ಲಿ ಹೆಸರಿಲ್ಲ ಅಂತ ಕೈಬಿಡಬೇಡಮ್ಮಾ. ಮೊದಲ ಪಟ್ಟಿ ಆದ ಮೇಲೆ ಬೇರೆ ಕೋರ್ಸಿಗೆ, ಬೇರೆ ಊರಿಗೆ ಹೋಗೋರು ಇರ್ತಾರೆ, ಸೀಟು ಖಾಲಿಯಾಗುತ್ತೆ. ವಾರಕ್ಕೊಮ್ಮೆ ಬಿಸಿಎಂ ಕಚೇರಿಗೆ, ಅಂದ್ರೆ ಹಿಂದುಳಿದ ವರ್ಗಗಳ ಇಲಾಖೆಗೆ, ಹೋಗಿ ವಿಚಾರಿಸು, ನನಗೆ ಸಿಕ್ಕಿದ್ದೇ ಹಂಗೆ. ಹಿಂದುಳಿದ ವರ್ಗದವಳಾಗಿದ್ದರೆ ವಿದ್ಯಾಸಿರಿನೂ ನೋಡು, ಹಾಸ್ಟೆಲ್ ಸಿಗದೆ ರೂಮು ಮಾಡಿದ ಗೆಳತಿಗೆ ತಿಂಗಳಿಗೆ 1500ರಂತೆ ವರ್ಷಕ್ಕೆ ಹತ್ತು ತಿಂಗಳದ್ದು ಬಂದಿತ್ತು.

ಆದರೆ ಹಾಸ್ಟೆಲ್ ಅಂದ್ರೆ ಊಟದ ಚಿಂತೆ ತೀರಿತು ಅಂದ್ಕೋಬೇಡ. ನೀರುಸಾರು ನೋಡಿ ಬಸ್ಸಿನ ಹುಡುಗಿಯರ ರೊಟ್ಟಿಗೆ ಕಾಯ್ತಿದ್ದವರು ನಾವು.

ಪದವಿ ಕಾಲೇಜಿನ ಉಪನ್ಯಾಸಕ, ಇದೇ ಭಾಗ:

ಊಟದ ನಡುವೆ ಹಾಜರಾತಿ ಮಾತು ತರುತ್ತಿದ್ದೇನೆ, ಕ್ಷಮಿಸಿ. ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು. ಬಸ್ಸಿನ ಮಕ್ಕಳು ಕಳೆದುಕೊಳ್ಳುವುದು ಯಾವಾಗಲೂ ಮೊದಲನೇ ಪೀರಿಯಡ್, ಅದೂ ಒಂದೇ ವಿಷಯದ್ದು. ಒಟ್ಟಾರೆ ಹಾಜರಾತಿ ಚೆನ್ನಾಗಿದ್ದರೂ ಆ ಒಂದು ವಿಷಯದಲ್ಲಿ ಕಡಿಮೆ ಬಿದ್ದು ಮಾರ್ಚ್‌ನಲ್ಲಿ ಅಳುತ್ತಾ ಬರುತ್ತಾರೆ. ಟೈಮ್‌ಟೇಬಲ್ ಬಂದ ದಿನವೇ ನೋಡಿಕೊಳ್ಳಮ್ಮ, ಮೊದಲ ಪೀರಿಯಡ್ ಯಾರದ್ದೋ ಅವರಿಗೆ ನಿನ್ನ ಬಸ್ಸಿನ ಸಮಯ ಬರೆದುಕೊಡು. ತಡವಾಗಿ ಬಂದರೂ ಒಳಗೆ ಬಿಡುವ ಮೇಷ್ಟ್ರು ಇದ್ದಾರೆ, ಆದರೆ ಗೊತ್ತಿರಬೇಕಲ್ಲ.

ಬಸ್ಸಿನ ವೇಳೆಯೇ ಹೊಂದದಿದ್ದರೆ ಒಬ್ಬಳೇ ಗೊಣಗಬೇಡ. ಆ ದಾರಿಯ ಎಲ್ಲ ಮಕ್ಕಳ ಸಹಿ, ಪ್ರಿನ್ಸಿಪಾಲರ ಪತ್ರ, ಎರಡನ್ನೂ ಡಿಪೋ ಮ್ಯಾನೇಜರಿಗೆ ಕೊಡಿ. ನಮ್ಮ ಮಕ್ಕಳು ಕೊಟ್ಟು, ಎರಡು ತಿಂಗಳು ಬೆನ್ನು ಹತ್ತಿದ ಮೇಲೆ ಒಂದು ಬಸ್ಸು ಇಪ್ಪತ್ತು ನಿಮಿಷ ಮುಂಚೆ ಹೊರಟಿತು.

ಸಿರುಗುಪ್ಪದವಳು, ಮತ್ತೆ:

ಖಾಲಿ ಹೊತ್ತಿನದ್ದು ಮರೆತೇಬಿಟ್ಟೆ. ಕಾಲೇಜಿನ ಲೈಬ್ರರಿ ತಂಪು, ಫ್ಯಾನಿನ ಕೆಳಗಿನ ಟೇಬಲ್ ಹಿಡಿ. ಸಂಜೆ ಬಸ್ಸಿಗೆ ಕಾಯುವಾಗ ಅವತ್ತಿನ ನೋಟ್ಸ್ ಮುಗಿಸ್ತಿದ್ದೆ, ಯಾಕಂದ್ರೆ ಮನೆಗೆ ಹೋದರೆ ಪಾತ್ರೆ, ನೀರು, ಅಡುಗೆ. ಬಸ್ಸಲ್ಲಿ ಓದ್ತೀನಿ ಅಂತ ಅಂದ್ಕೊಂಡಿದ್ದರೆ ಬಿಡು. ಸೀಟೇ ಸಿಗಲ್ಲ, ಸಿಕ್ಕಿದರೆ ನಿದ್ದೆ ಬರುತ್ತೆ. ಕಾಲೇಜ್ ಡೇ, ಎನ್‌ಎಸ್‌ಎಸ್ ಎಲ್ಲ ಸಂಜೆ ಇಟ್ಟರೆ ನಮಗೆ ಸಿಗ್ತಿರಲಿಲ್ಲ, ಅದೊಂದು ನೋವು ನನಗೆ ಇದೆ. ಡ್ಯಾನ್ಸ್‌ಗೆ ಹೆಸರು ಕೊಟ್ಟು, ಪ್ರಾಕ್ಟೀಸ್ ಆರು ಗಂಟೆಗೆ ಅಂದಾಗ ವಾಪಸ್ ತಗೊಂಡೆ.

ಕೇಳಿದವಳು:

ಎಲ್ಲರಿಗೂ ಧನ್ಯವಾದ. ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಭಾನುವಾರದ ರೊಟ್ಟಿ ವಿಷಯಕ್ಕೆ ಒಪ್ಪಿದಳು, ಬಿಸಿರೊಟ್ಟಿ ತಿನ್ನೋ ವಯಸ್ಸಲ್ಲಿ ಖಡಕ್ ತಿಂತೀಯಲ್ಲ ಅಂತ ಸ್ವಲ್ಪ ಮುಖ ಸಣ್ಣ ಮಾಡಿಕೊಂಡಳು. ನಾಳೆ ಬಿಸಿಎಂ ಕಚೇರಿಗೂ ಹೋಗ್ತೀವಿ. ಸಿರುಗುಪ್ಪದ ಅಕ್ಕಾ, ಅವ್ವ ಕೇಳ್ತಿದ್ದಾಳೆ, ಆ ಮೊಸರನ್ನದ ಹೆಪ್ಪಿನ ಲೆಕ್ಕ ಎಷ್ಟು?

ಸಿರುಗುಪ್ಪದವಳು:

ಅನ್ನ ಮೆತ್ತಗೆ ಮಾಡಿ ಕಿವುಚಿ, ಆರಿದ ಮೇಲೆ ಮುಳುಗೋಷ್ಟು ಉಗುರುಬೆಚ್ಚಗಿನ ಹಾಲು, ಒಂದು ಚಮಚ ಮೊಸರು. ಏಪ್ರಿಲ್, ಮೇನಲ್ಲಿ ಅರ್ಧ ಚಮಚ ಸಾಕು. ಉಪ್ಪು ಬೆಳಿಗ್ಗೆ ಹಾಕಬೇಡಿ, ಚೀಟಿಯಲ್ಲಿ ಕಟ್ಟಿ ಕೊಡಿ, ಉಣ್ಣುವಾಗ ಕಲಸ್ಕೊಳ್ಳಲಿ. ಡಬ್ಬಿ ತುಂಬ ತುಂಬಿಸಬೇಡಿ ಅಂತ ಅವ್ವನಿಗೆ ಹೇಳು, ಗುಂಡಿ ಇನ್ನೂ ಮುಚ್ಚಿಲ್ಲ.