ಸಂಜೆ 4ರಿಂದ 10ರ ಪಾರ್ಟ್‌ಟೈಮ್ ಶಿಫ್ಟ್: ಊಟದ ಬಿಡುವು ಎಷ್ಟು ಸಿಗಬೇಕು?

ಪ್ರಶ್ನೆ
ಬೆಂಗಳೂರಿನ ಒಂದು ಸೂಪರ್‌ಮಾರ್ಕೆಟ್, ಬಿಲ್ಲಿಂಗ್ ಕೌಂಟರ್, ಗಂಟೆ ಲೆಕ್ಕದ ಸಂಬಳ. ಶಿಫ್ಟ್ ಸಂಜೆ 4ರಿಂದ ರಾತ್ರಿ 10. ಊಟಕ್ಕೆ ಬಿಡೋದು 20 ನಿಮಿಷ, ಸಂಬಳದಲ್ಲಿ ಹಿಡಿಯೋದು 1 ಗಂಟೆ. ಕೇಳಿದರೆ "ಪಾರ್ಟ್‌ಟೈಮ್‌ನವರಿಗೆ ಬ್ರೇಕ್ ರೂಲ್ಸ್ ಇಲ್ಲ" ಅಂತಾರೆ. ನಿಜವಾ?

ಉತ್ತರ 1
ನಿಜ ಅಲ್ಲ. ಅಂಗಡಿಗಳಿಗೆ ಅನ್ವಯಿಸೋದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ 9ನೇ ಸೆಕ್ಷನ್ ಪ್ರಕಾರ ಯಾರನ್ನೂ 5 ಗಂಟೆಗಿಂತ ಹೆಚ್ಚು ದುಡಿಸಬೇಕಾದರೆ ಅದಕ್ಕೆ ಮುಂಚೆ ಕನಿಷ್ಠ 1 ಗಂಟೆ ಬಿಡುವು ಕೊಟ್ಟಿರಬೇಕು. ನಿಮ್ಮದು 5 ಗಂಟೆ 40 ನಿಮಿಷದ ದುಡಿಮೆ, 20 ನಿಮಿಷ ಸಾಲದು. ಅರ್ಧ ಗಂಟೆ ಸಾಕು ಅನ್ನೋದು ಕಾರ್ಖಾನೆ ಕಾನೂನಿನ ಮಾತು, ಅದನ್ನ ಅಂಗಡಿಗೆ ತರಬಾರದು.

ಒಂದು ಎಚ್ಚರ: "ಪೂರ್ತಿಯಾಗಿ ಅಥವಾ ಪ್ರಧಾನವಾಗಿ" ಆ ಸಂಸ್ಥೆಯಲ್ಲಿ ದುಡಿಯುವವರನ್ನೇ ಕಾಯ್ದೆ ನೌಕರ ಅನ್ನೋದು. ಇದೊಂದೇ ಕೆಲಸವಾದರೆ ತಕರಾರಿಲ್ಲ. ಹಗಲು ಬೇರೆ ಕಡೆ ಕಾಯಂ ಕೆಲಸ ಇದ್ದರೆ ಮಾಲೀಕರು ಈ ಪದ ಹಿಡಿದು ವಾದ ಮಾಡಬಹುದು.

ಉತ್ತರ 2
ಸಂಬಳದ ವಿಷಯ. ಬಿಡುವಿನ ಗಂಟೆಗೆ ಕೂಲಿ ಕೊಡಲೇಬೇಕು ಅಂತ ಕಾಯ್ದೆ ಹೇಳಲ್ಲ. ಆದರೆ ಕೆಲಸದ ಅವಧಿ ಅಂದರೆ ನೀವು ಮಾಲೀಕರ ಕೈಯಲ್ಲಿರುವ ಹೊತ್ತು. ತಟ್ಟೆ ಮುಂದೆ ಕೂತಿರುವಾಗ "ಕ್ಯೂ ಜಾಸ್ತಿಯಾಯ್ತು, ಬಾ" ಅಂತ ಎಬ್ಬಿಸಿದರೆ ಅದು ಬಿಡುವೇ ಅಲ್ಲ. ಹಿಡಿಯೋದು 1 ಗಂಟೆ, ಸಿಗೋದು 20 ನಿಮಿಷ. ಉಳಿದ 40 ನಿಮಿಷ ದಿನಾ ದುಡಿದದ್ದೇ, ತಿಂಗಳಿಗೆ 26 ದಿನ ಅಂದರೆ 17 ಗಂಟೆ 20 ನಿಮಿಷದ ಕೂಲಿ ನಿಮಗೆ ಬಾಕಿ. ಇದು ಮಾಮೂಲಿ ದರದಲ್ಲಿ. ಡಬಲ್ ಬರೋದು ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆ ದಾಟಿದಾಗ.

ಪ್ರಶ್ನೆ ಕೇಳಿದವರು
ಅರ್ಧ ಗಂಟೆ ಎರಡು ಸಲ ಕೊಟ್ಟರೆ? ಅಥವಾ 9ಕ್ಕೇ ಬಿಟ್ಟು ಕಳಿಸಿದರೆ?

ಉತ್ತರ 3
ಎರಡು ಅರ್ಧ ಸೇರಿಸಿದರೆ ಕಾಯ್ದೆ ಹೇಳುವ 1 ಗಂಟೆಯ ಬಿಡುವು ಆಗಲ್ಲ. 9ಕ್ಕೆ ಬಿಟ್ಟರೆ ದುಡಿಮೆ ಸರಿಯಾಗಿ 5 ಗಂಟೆ, ಆಗ ಬಿಡುವು ಕಡ್ಡಾಯವಲ್ಲ. ಎಡವಟ್ಟಾಗೋದು ಇಲ್ಲೇ: ಶಟರ್ ಎಳೆದ ಮೇಲೆ ಕ್ಯಾಶ್ ಟ್ಯಾಲಿ ಅಂತ 20 ನಿಮಿಷ ಕೂರಿಸುತ್ತಾರೆ, 5 ಗಂಟೆ ಮೀರುತ್ತೆ. ಪಂಚ್ ಔಟ್ ಮಾಡಿಸಿ ಟ್ಯಾಲಿಗೆ ಕೂರಿಸಿದರೂ ಅದು ಕೆಲಸವೇ. ನಿಮ್ಮ ಶಿಫ್ಟಿಗೆ 4ರಿಂದ 7, ಆಮೇಲೆ ಬಿಡುವು, 8ರಿಂದ 10 ಸರಿಹೊಂದುತ್ತೆ. ಬೆಳಿಗ್ಗೆ-ಸಂಜೆ ಒಡೆದ ಶಿಫ್ಟಾದರೆ ಮೊದಲ ಪಂಚ್‌ನಿಂದ ಕೊನೆಯ ಪಂಚ್‌ವರೆಗೆ 12 ಗಂಟೆ ಮೀರಬಾರದು.

ಉತ್ತರ 4
ದೂರಿಗೆ ಮೊದಲು ದಾಖಲೆ ಕೂಡಿಸಿ. ಶಿಫ್ಟ್ ಚಾರ್ಟ್ ಫೋಟೋ, ಸಂಬಳ ಚೀಟಿ, ದಿನದಿನದ ಬಿಡುವಿನ ಹೊತ್ತು ಬರೆದ ಡೈರಿ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಬಿಲ್ಲು. ಅದರಲ್ಲಿ ಸಮಯ, ಕ್ಯಾಷಿಯರ್ ಐಡಿ ಎರಡೂ ಅಚ್ಚಾಗಿರುತ್ತೆ. ರಿಜಿಸ್ಟರ್‌ನಲ್ಲಿ ಬಿಡುವು 7ರಿಂದ 8 ಅಂತಿದ್ದು, ನಿಮ್ಮ ಐಡಿಯಲ್ಲಿ 7.35ಕ್ಕೆ ಬಿಲ್ ಆಗಿದ್ದರೆ ಬೇರೆ ಮಾತೇ ಬೇಡ. ಗ್ರಾಹಕರ ಹೆಸರು, ನಂಬರ್ ಇರುವ ಬಿಲ್ಲಿನ ಫೋಟೋ ಮಾತ್ರ ತೆಗೀಬೇಡಿ. ತಾರೀಖು, ಬಿಲ್ ನಂಬರ್, ಸಮಯ ಬರೆದುಕೊಂಡರೆ ಸಾಕು, ಉಳಿದದ್ದನ್ನ ಕಾರ್ಮಿಕ ಇಲಾಖೆ ತರಿಸಿಕೊಳ್ಳಬಹುದು.

ಮೊದಲು ಮ್ಯಾನೇಜರ್‌ಗೆ ಈಮೇಲ್‌ನಲ್ಲಿ ಕೇಳಿ, ಬಾಯಿಮಾತು ಬೇಡ. ಆಗದಿದ್ದರೆ ನಿಮ್ಮ ವೃತ್ತದ (ಅಂಗಡಿ ಇರುವ ಪ್ರದೇಶದ) ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ದೂರು ಕೊಡಿ. ಅಂಗಡಿ ಗೋಡೆಯಲ್ಲಿ ತೂಗುಹಾಕಿರುವ ನೋಂದಣಿ ಪತ್ರದ ಸಂಖ್ಯೆ ಅದರಲ್ಲಿ ಇರಲಿ. ನಾಲ್ಕೈದು ಜನ ಸೇರಿ ಸಹಿ ಹಾಕಿ, ಒಬ್ಬರ ಮೇಲೇ ಕಣ್ಣು ಬೀಳಲ್ಲ. ಸ್ವೀಕೃತಿ ಸೀಲ್ ಹಾಕಿಸಿದ ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.