‘ಹಿಂದಿನಿಂದ ಆಟ ಕಟ್ಟುವುದು’: ಕನ್ನಡಕ್ಕೆ ಒಗ್ಗುವ ಮಾತೇ?

ವಾರಾಂತ್ಯದಲ್ಲಿ ಹನ್ನೆರಡು ಹದಿಮೂರರ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಆದಷ್ಟೂ ಕನ್ನಡದಲ್ಲೇ ಹೇಳಿಕೊಡಬೇಕೆಂಬ ಹಟ ನನ್ನದು. ಹೋದ ವಾರ ಆ ಹಟಕ್ಕೆ ಪೆಟ್ಟು ಬಿತ್ತು. ಗೋಲ್‌ಕಿಕ್ ಹೊತ್ತಿನಲ್ಲಿ, ಅಂದರೆ ನಮ್ಮ ಗೋಲಿನ ಮುಂದಿನಿಂದ ಚೆಂಡು ಒದ್ದು ಆಟ ಮತ್ತೆ ಶುರುಮಾಡುವಾಗ, ‘ಹಿಂದಿನಿಂದ ಕಟ್ಟಿ, ಹಿಂದಿನಿಂದ ಕಟ್ಟಿ’ ಎಂದು ಕೂಗಿದೆ. ನಮ್ಮ ಡಿಫೆಂಡರ್ ಹುಡುಗ ನೇರವಾಗಿ ಓಡಿಹೋಗಿ ಎದುರಾಳಿ ಸ್ಟ್ರೈಕರ್‌ನ ಬೆನ್ನಿಗೆ ಅಂಟಿಕೊಂಡು ನಿಂತ. ಕೇಳಿದರೆ, ‘ಕಟ್ಟಿಹಾಕಲು ಹೇಳಿದಿರಲ್ಲ ಸರ್’ ಎಂದ. ಅವನ ಕನ್ನಡದಲ್ಲಿ ತಪ್ಪೇನೂ ಇರಲಿಲ್ಲ.

ನಾನು ಹೇಳಹೊರಟಿದ್ದು ಬೇರೆ, ಇಂಗ್ಲಿಷಿನವರ ‘ಬಿಲ್ಡಿಂಗ್ ಫ್ರಮ್ ದ ಬ್ಯಾಕ್’. ಗೋಲ್‌ಕೀಪರ್ ಚೆಂಡನ್ನು ಅರ್ಧ ಮೈದಾನ ದಾಟುವಂತೆ ಒದೆಯದೆ ಹತ್ತಿರದ ಡಿಫೆಂಡರ್‌ಗೆ ಕೊಡಬೇಕು. ನಡುವೆ ನಿಲ್ಲುವ ಡಿಫೆಂಡರ್‌ಗಳಾದ ಇಬ್ಬರು ಸೆಂಟರ್ ಬ್ಯಾಕ್‌ಗಳು ಎಡಕ್ಕೂ ಬಲಕ್ಕೂ ಅಗಲವಾಗಿ ಸರಿಯಬೇಕು, ಒಬ್ಬ ಮಿಡ್‌ಫೀಲ್ಡರ್ ಅವರ ಬಳಿಗೆ ಇಳಿದು ಬರಬೇಕು. ಚೆಂಡು ಕಸಿಯಲು ಎದುರಾಳಿಗಳು ಮುನ್ನುಗ್ಗಿದಷ್ಟೂ ಅವರ ಬೆನ್ನ ಹಿಂದೆ ಜಾಗ ತೆರವಾಗುತ್ತದೆ. ನಮಗೆ ಬೇಕಾದದ್ದು ಆ ಜಾಗ. 2019ರವರೆಗೆ ಗೋಲ್‌ಕಿಕ್ ಗೋಲಿನ ಮುಂದಿನ ಪೆನಾಲ್ಟಿ ಆವರಣ ದಾಟುವ ತನಕ ಚೆಂಡನ್ನು ಯಾರೂ ಮುಟ್ಟುವಂತಿರಲಿಲ್ಲ. ಆ ವರ್ಷ ನಿಯಮ ಬದಲಾಗಿ, ಸಹ ಆಟಗಾರ ಆವರಣದೊಳಗೇ ಚೆಂಡು ಪಡೆಯಬಹುದು ಎಂದಾಯಿತು. ಗೋಲ್‌ಕಿಕ್ ಆಗುವ ತನಕ ಎದುರಾಳಿಗಳು ಮಾತ್ರ ಆವರಣದ ಹೊರಗಿರಬೇಕು. ಹಾಗಾಗಿ ಈ ಬಗೆಯ ಆಟ ಈಗ ಮಕ್ಕಳ ತಂಡಗಳಿಗೂ ಇಳಿದಿದೆ, ಹೆಸರು ಮಾತ್ರ ಕನ್ನಡಕ್ಕೆ ಇಳಿದಿಲ್ಲ.

‘ಕಟ್ಟು’ ನನಗೆ ಇಷ್ಟದ ಕ್ರಿಯಾಪದ. ಮನೆ, ಮೇಳ, ಪದ್ಯ ಎಲ್ಲವನ್ನೂ ಕಟ್ಟುತ್ತೇವೆ. ಕ್ರಿಕೆಟ್ ವರದಿಗಾರರು ‘ಇನಿಂಗ್ಸ್ ಕಟ್ಟಿದರು’ ಎಂದರೆ ಯಾರೂ ತಡವರಿಸುವುದಿಲ್ಲ. ಆದರೆ ಮೂಗೂ ಕಟ್ಟುತ್ತದೆ, ಚರಂಡಿಯೂ ಕಟ್ಟುತ್ತದೆ. ಅದೇ ವರದಿಗಾರರು ಮರುದಿನ ‘ಬ್ಯಾಟರ್‌ಗಳನ್ನು ಕಟ್ಟಿಹಾಕಿದರು’ ಎಂದು ಬರೆಯುತ್ತಾರೆ. ‘ದಾಳಿ ಕಟ್ಟು’ ಎಂದರೆ ದಾಳಿಗೆ ಅಣಿಮಾಡುವುದೋ, ದಾಳಿಯನ್ನು ತಡೆಯುವುದೋ? ‘ಹಿಂದಿನಿಂದ’ ಇನ್ನೂ ತೊಡಕು. ‘ಹಿಂದಿನಿಂದ ಬಂದ ಪದ್ಧತಿ’ಯಲ್ಲಿ ಅದು ಕಾಲ, ‘ಹಿಂದಿನಿಂದ ಇರಿದ’ ಎಂಬಲ್ಲಿ ದ್ರೋಹ.

ಜರ್ಮನ್ನರು ಇದನ್ನು ‘ಶ್ಪೀಲ್‌ಔಫ್‌ಬೌ’ ಎನ್ನುತ್ತಾರೆ, ಆಟದ ಕಟ್ಟೋಣ ಎಂಬರ್ಥ. ಸ್ಪ್ಯಾನಿಷ್‌ನವರ ‘ಸಾಲಿದಾ ದೆ ಬಲೋನ್’ನಲ್ಲಿ ಕಟ್ಟುವ ಮಾತೇ ಇಲ್ಲ, ಅದು ಚೆಂಡು ಹೊರಬರುವುದು. ಕನ್ನಡದಲ್ಲಿ ‘ಚೆಂಡನ್ನು ಹೊರಗೆ ತನ್ನಿ’ ಎಂದರೆ ನನ್ನ ಹುಡುಗರು ಅದನ್ನು ಗೆರೆಯಾಚೆಗೆ ಒದ್ದು ಎದುರಾಳಿಗೆ ಥ್ರೋ ಕೊಟ್ಟುಬಿಡುತ್ತಾರೆ.

ಸದ್ಯಕ್ಕೆ ನನ್ನ ಒಲವು ‘ಬುಡದಿಂದ ದಾಳಿ ಹೂಡುವುದು’ ಎಂಬುದರ ಕಡೆಗೆ. ಬಾಣ ಹೂಡುವಾಗ ಹಿಂದಕ್ಕೆ ಎಳೆದೇ ಮುಂದಕ್ಕೆ ಬಿಡುತ್ತೇವೆ. ಚೆಂಡನ್ನು ಕೀಪರ್‌ಗೆ ಹಿಂದಿರುಗಿಸಿ ಎದುರಾಳಿಯನ್ನು ನಮ್ಮತ್ತ ಸೆಳೆಯುವುದೂ ಹಾಗೆಯೇ. ಸಂಚು ಹೂಡುವುದರಲ್ಲಿರುವ ನಿಧಾನವೂ ಇಲ್ಲಿ ಸಲ್ಲುತ್ತದೆ. ಆದರೆ ‘ಯುದ್ಧ ಹೂಡು’ ಎಂದಾಗ ಒಮ್ಮೆಗೇ ಆರಂಭಿಸುವ ಅರ್ಥ ಬರುತ್ತದೆ. ಐದಾರು ಪಾಸ್‌ಗಳಲ್ಲಿ ಮೆಲ್ಲನೆ ಸಾಗುವ ಆಟಕ್ಕೆ ಅದು ಸರಿಹೊಂದುತ್ತದೆಯೇ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು, ಬರಹದಲ್ಲಿ ಮೂರು ಪದ ನಡೆದೀತು, ಮೈದಾನದಲ್ಲಿ ಕೂಗಲು ಒಂದೇ ಬೇಕು. ಬೆಂಗಳೂರಿನ ಗೌತಮಪುರದಲ್ಲೋ ಮಂಗಳೂರಿನ ನೆಹರೂ ಮೈದಾನದಲ್ಲೋ ಆಡಿ ಬೆಳೆದವರು ಇಲ್ಲಿದ್ದರೆ ತಿಳಿಸಿ: ‘ಉದ್ದಕ್ಕೆ ಒದೆಯಬೇಡ, ಇಲ್ಲೇ ಕೊಡು’ ಎಂದು ಕೀಪರ್‌ಗೆ ಹೇಳಲು ನೀವು ಏನೆಂದು ಕೂಗುತ್ತಿದ್ದಿರಿ? ತುಳು, ತಮಿಳು, ದಖ್ಖನಿ ಯಾವುದಾದರೂ ಸರಿ.